ಬಲತೋಳಿಗೊಂದು ಕಚ್ಚಾ ಹೊಲಿಗೆ

ಗಂಜಿಯಕ್ಕನ ಅಮ್ಮನಿಗೆ ಒಂದು ಚಟವಿತ್ತು. ನಶ್ಯದ ಚಟವಾಗಿದ್ದರೆ ಡಬ್ಬಿ ಬಚ್ಚಿಟ್ಟು ಬಿಡಿಸಬಹುದಿತ್ತು. ಇದು ಬಾಯಿಯ ಚಟ. ಯಾವ ಮಾತು ತೆಗೆದರೂ ಮುದುಕಿ ‘ನಮ್ಮಲ್ಲಿ’ ಅಂತಲೇ ಶುರು ಮಾಡುವಳು. ನಮ್ಮಲ್ಲಿ ಅಂದರೆ ಈ ಊರು ಅಂದುಕೊಳ್ಳಬೇಡಿ. ಗಡಿಯಾಚೆ, ಗುಡ್ಡದಾಚೆ, ಎಲ್ಲೋ ದೂರದಲ್ಲಿರುವ ಅವಳ ತವರು ದೇಶ. ಅಲ್ಲಿನ ಲಾಂಡ್ರಿಗೆ ಬಾಯ್ಲರ್ ಕೂರಿಸಲು ಈ ದೇಶದಿಂದ ಹೋಗಿದ್ದ ಮೆಕ್ಯಾನಿಕ್‌ನನ್ನು ಮೆಚ್ಚಿ, ಮದುವೆಯಾಗಿ, ಅವನ ಹಿಂದೆ ಬಂದವಳು. ಬಂದಮೇಲೆ ಕೂದಲು ಬೆಳ್ಳಗಾಯಿತು, ಹಲ್ಲು ಉದುರಿತು, ಮೆಕ್ಯಾನಿಕ್ ಕೂಡ ತೀರಿಹೋದ. ‘ನಮ್ಮಲ್ಲಿ’ ಮಾತ್ರ ಗಟ್ಟಿಮುಟ್ಟಾಗಿತ್ತು. ನಮ್ಮಲ್ಲಿ ಸೋಪು ಮುಟ್ಟಿದರೆ ಸಾಕು, ನೊರೆ. ನಮ್ಮಲ್ಲಿ ಟೊಮೇಟೊ ಇಷ್ಟು ಹುಳಿಯಿಲ್ಲ. ನಮ್ಮಲ್ಲಿ ಮಳೆ ಕೂಡ ಹೇಳಿ ಕೇಳಿ ಬರುತ್ತಿತ್ತು.

ಇವೆಲ್ಲ ಹೋಗಲಿ ಬಿಡಿ, ಮುದುಕಿಯ ಬುಟ್ಟಿಯಲ್ಲಿ ಇವೆಲ್ಲ ಸಣ್ಣ ಸರಕು. ದೊಡ್ಡದು ಬೇರೆಯೇ ಇತ್ತು.

“ನಮ್ಮಲ್ಲಿ ರಾಜನ್ನ ಕೆಳಗಿಳಿಸಿದ್ದು ಯಾರು ಗೊತ್ತಾ? ಬಟ್ಟೆ ಒಗೆಯೋ ಹೆಂಗಸರು! ನಾನು, ನಮ್ಮಕ್ಕ, ನಮ್ಮ ಸಾಲಿನಲ್ಲಿ ನಿಲ್ತಿದ್ದೋರೆಲ್ಲ!”

ಕಥೆ ಇಷ್ಟೇ. ಮುದುಕಿ ಹುಡುಗಿಯಾಗಿದ್ದಾಗ ರಾಜನ ಸೈನ್ಯದ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿದ್ದಳು. ಅಲ್ಲಿನ ಸಿಪಾಯಿಗಳು ಗುಂಡುಗಳನ್ನು ಕೋಟಿನ ಬಲಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಜನ ಅರಮನೆಗೆ ಮೆರವಣಿಗೆ ಹೊರಡುವ ಹಿಂದಿನ ದಿನ ಲಾಂಡ್ರಿಯ ಹೆಂಗಸರು ಸೇರಿ ಎಲ್ಲ ಕೋಟುಗಳ ಬಲಜೇಬಿನ ಬಾಯಿಗೆ ಒಂದೊಂದು ಕಚ್ಚಾ ಹೊಲಿಗೆ ಹಾಕಿ ಕಳಿಸಿಬಿಟ್ಟರು. ದರ್ಜಿಗಳು ಅಳತೆ ನೋಡಲು ಹಾಕುತ್ತಾರಲ್ಲ, ಹಾಗೆ, ಬೆರಳಲ್ಲಿ ಎಳೆದರೆ ಕಿತ್ತು ಬರುವಂಥದ್ದು. ಮರುದಿನ ‘ಗುಂಡು ತುಂಬಿ’ ಅಂದಾಗ ಸಿಪಾಯಿಯ ಕೈ ಜೇಬಿಗೆ ಹೋಯಿತು, ದಾರಕ್ಕೆ ತಾಗಿತು, ಅಲ್ಲೇ ನಿಂತಿತು.

“ಮಗು ಎಳೆದರೂ ಬರೋ ದಾರ ಕಣ್ರೇ,” ಅನ್ನುವಳು ಮುದುಕಿ, ಕಣ್ಣು ಅಗಲಿಸಿ. “ಆದ್ರೆ ಅವನೇ ಎಳೀಬೇಕಿತ್ತು. ಒಬ್ಬನೂ ಎಳೀಲಿಲ್ಲ!”

ರಾಜ ಹಿಂಬಾಗಿಲಿನಿಂದ ಚಪ್ಪಲಿಯಲ್ಲೇ ಓಡಿಹೋದ. ಮೊದಮೊದಲು ಕಥೆಯಲ್ಲಿ ಚಪ್ಪಲಿ ಇತ್ತು. ಆಮೇಲೆ ಬರಿಗಾಲಾಯಿತು. ಗಂಜಿಯಕ್ಕನ ಮದುವೆಯ ಹೊತ್ತಿಗೆ ರಾಜನ ಮೈಮೇಲಿನ ಕೋಟೂ ಹೋಗಿತ್ತು. ವರ್ಷ ಕಳೆದ ಹಾಗೆ ಪಾಪ, ಆ ರಾಜನ ಮೈಮೇಲೆ ಬಟ್ಟೆ ಕಡಿಮೆಯಾಗುತ್ತಲೇ ಬಂತು.

ಗಂಜಿಯಕ್ಕನಿಗೆ ಇದನ್ನೆಲ್ಲ ಕೇಳಿ ಕೇಳಿ ಕಿವಿ ತೂತಾಗಿತ್ತು. ಶಾಲೆಯ ಪುಸ್ತಕದಲ್ಲಿ ಆ ದೇಶದ ಕ್ರಾಂತಿಯ ಬಗ್ಗೆ ಅರ್ಧ ಪುಟವಿತ್ತು, ಅದರಲ್ಲಿ ಯಾವ ಹೆಂಗಸೂ ಇರಲಿಲ್ಲ, ಜೇಬೂ ಇರಲಿಲ್ಲ. ಅಮ್ಮ ಉಪ್ಪುಖಾರ ಹಚ್ಚುವುದರಲ್ಲಿ ಎತ್ತಿದ ಕೈ ಅಂತ ಅವಳು ಅಂದೇ ತೀರ್ಮಾನಿಸಿದ್ದಳು. ಆದರೂ ಹೊಟ್ಟೆಪಾಡು ಅವಳನ್ನು ಅಮ್ಮನ ಕಸುಬಿಗೇ ತಂದು ನಿಲ್ಲಿಸಿತು. ಊರಿನ ದೊಡ್ಡ ಲಾಂಡ್ರಿಯಲ್ಲಿ ಗಂಜಿ ಹಾಕುವ ಮನೆಗೆ ಅವಳೇ ಯಜಮಾನಿ. ಅವಳು ಗಂಜಿ ಹಾಕಿದ ಕಾಲರು ದಿನವಿಡೀ ತಲೆ ಬಗ್ಗಿಸುತ್ತಿರಲಿಲ್ಲ. ಅವಳ ಕತ್ತೂ ಅಷ್ಟೇ, ಯಾರ ಮುಂದೆಯೂ ಬಗ್ಗಿದ್ದಲ್ಲ. ಹಾಗಾಗಿ ಆ ಹೆಸರು ಎರಡು ಕಡೆಯಿಂದಲೂ ಅಂಟಿಕೊಂಡಿತು.

ಈಗ ಈ ದೇಶದ ಮಾತಿಗೆ ಬರೋಣ. ಇಲ್ಲಿ ರಾಜನಿರಲಿಲ್ಲ, ಒಬ್ಬ ಜನರಲ್ ಇದ್ದ. ಗಲಾಟೆ ತಣ್ಣಗಾಗುವವರೆಗೆ ತಾತ್ಕಾಲಿಕವಾಗಿ ಕುರ್ಚಿ ನೋಡಿಕೊಳ್ಳುತ್ತೇನೆ, ಆಮೇಲೆ ಚುನಾವಣೆ ಅಂತ ರೇಡಿಯೋದಲ್ಲಿ ಹೇಳಿ ಕೂತಿದ್ದ. ಆಗ ಗಂಜಿಯಕ್ಕನ ಮಗಳು ತೊಟ್ಟಿಲಲ್ಲಿದ್ದಳು. ಈಗ ಅವಳು ಬೆಳೆದು ದೊಡ್ಡವಳಾಗಿ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದಳು, ಅವನಿನ್ನೂ ಕುರ್ಚಿಯಲ್ಲೇ ಇದ್ದ. ಊರವರು ಅವನಿಗೆ ‘ತಾತ್ಕಾಲಿಕ’ ಅಂತಲೇ ಹೆಸರಿಟ್ಟಿದ್ದರು. ತಾತ್ಕಾಲಿಕನ ಚಿತ್ರ ಕಚೇರಿಗಳ ಗೋಡೆಯ ಮೇಲೆ ಶಾಶ್ವತವಾಗಿ ತೂಗುತ್ತಿತ್ತು.

ಜನ ಎಷ್ಟು ದಿನ ಅಂತ ತಡೆದುಕೊಂಡಾರು? ಬಸ್ಸಿನವರು, ಅಂಚೆಯವರು, ಗಿರಣಿಯವರು ಒಬ್ಬೊಬ್ಬರೇ ಬೀದಿಗಿಳಿದರು. ಗಡಿಯಾರ ಬೀದಿಯಲ್ಲಿ ಮೊದಲ ಮೆರವಣಿಗೆ ಹೋದಾಗ ಸೈನ್ಯ ಗುಂಡು ಹಾರಿಸಿತು. ಸತ್ತವರಲ್ಲಿ ಗಂಜಿಯಕ್ಕನ ಬೀದಿಯ ಹಾಲಿನವನೂ ಒಬ್ಬ. ಆ ವಾರ ಬ್ಯಾರಕ್ಕಿನಿಂದ ಸಮವಸ್ತ್ರಗಳ ಗಂಟು ಎಂದಿನಂತೆ ಲಾಂಡ್ರಿಗೆ ಬಂತು. ಹೌದು, ಬ್ಯಾರಕ್ಕಿನ ಬಟ್ಟೆ ಒಗೆಯುವ ಗುತ್ತಿಗೆ ಇದೇ ಲಾಂಡ್ರಿಯದು. ಹಾಲಿನವನನ್ನು ಕೊಂದವರ ಅಂಗಿಯನ್ನು ಗಂಜಿಯಕ್ಕ ತನ್ನ ಕೈಯಾರೆ ತಿಕ್ಕಿದಳು. ಕೆಲವು ಅಂಗಿಗಳ ಬಲತೋಳಿನ ತುದಿಯಲ್ಲಿ ಬಂದೂಕಿನ ಮದ್ದಿನ ಕಪ್ಪು ಕೂತಿತ್ತು. ಸೋಪಿಗೆ ಜಗ್ಗಲಿಲ್ಲ, ಸೋಡಾಕ್ಕೂ ಜಗ್ಗಲಿಲ್ಲ. ಮೂರ್ನಾಲ್ಕು ಒಗೆತ ಬೇಕು ಅಂಥ ಕಪ್ಪಿಗೆ. ಅವಳು ಹಲ್ಲು ಕಚ್ಚಿಕೊಂಡು ತಿಕ್ಕುತ್ತಲೇ ಇದ್ದಳು, ಕಣ್ಣೀರು ತೊಟ್ಟಿಗೆ ಬೀಳುತ್ತಲೇ ಇತ್ತು.

ಅದಾದ ಮೇಲೆ ಸುದ್ದಿ ಬಂತು. ಎಲ್ಲ ಸಂಘಗಳೂ ಸೇರಿ ತಾತ್ಕಾಲಿಕನ ಬಂಗಲೆಯ ಮುಂದಿನ ಚೌಕಕ್ಕೇ ಮೆರವಣಿಗೆ ಹೊರಡುತ್ತವಂತೆ. ಮುಂದಿನ ಸಾಲಿನಲ್ಲಿ ಬಸ್ಸಿನವರು, ಆ ಸಾಲಿನ ನಡುವೆ ಗಂಜಿಯಕ್ಕನ ಮಗಳು.

“ನೀನೇ ಯಾಕೆ ಮುಂದೆ? ಬೇರೆ ಯಾರೂ ಇಲ್ವಾ?” ಅಂತ ಗಂಜಿಯಕ್ಕ ಊಟಕ್ಕೆ ಕೂತಾಗ ಕೇಳಿದಳು.

“ನನ್ನ ಗಂಟಲು ದೊಡ್ಡದಲ್ವೇನಮ್ಮ,” ಅಂದಳು ಮಗಳು. “ತುಂಬಿದ ಬಸ್ಸಲ್ಲಿ ಹಿಂದಿನ ಸೀಟಿನವರೆಗೂ ಕೇಳ್ಸತ್ತೆ. ಘೋಷಣೆ ಕೂಗೋಕೆ ನನಗಿಂತ ಯಾರು ಬೇಕು?”

“ಗುಂಡಿಗೆ ಗಂಟಲು ದೊಡ್ಡದೋ ಚಿಕ್ಕದೋ ಗೊತ್ತಾಗತ್ತಾ?”

“ಅಜ್ಜಿ ಕಥೆ ಕೇಳ್ಕೊಂಡು ಬೆಳೆದೋಳಮ್ಮ ನಾನು. ಅಜ್ಜಿ ಆವಾಗ ನನಗಿಂತ ಚಿಕ್ಕೋಳಂತೆ. ಅವರು ಮಾಡಿದ್ರು, ನಾವ್ಯಾಕೆ ಮಾಡಬಾರದು?”

ಮಗಳು ತಟ್ಟೆ ತೊಳೆದಿಟ್ಟು ಕೆಲಸಕ್ಕೆ ಹೋದಳು. ಗಂಜಿಯಕ್ಕ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದ ಅಮ್ಮನ ಕಡೆ ತಿರುಗಿದಳು.

“ಸಂತೋಷ ಆಯ್ತಾ? ಕಥೆ ಹೇಳಿ ಹೇಳಿ ನನ್ನ ಮಗಳ ತಲೆ ಕೆಡಿಸಿದೆ. ಇವತ್ತು ಅವಳು ಬಂದೂಕಿನ ಮುಂದೆ ನಿಲ್ಲೋಕೆ ಹೊರಟಿದಾಳೆ.”

ಮುದುಕಿ ಬೇರೆ ದಿನವಾಗಿದ್ದರೆ ಒಂದಕ್ಕೆ ನಾಲ್ಕು ಮಾತಾಡುತ್ತಿದ್ದಳು. ಆ ದಿನ ಮೆಲ್ಲಗೆ ಅಂದಳು. “ತಲೆ ಕೆಡಿಸಿದ್ದು ನಾನೇ, ಒಪ್ಪಿದೆ. ಅವಳನ್ನ ಕಾಪಾಡೋಳು ನೀನು. ಅವರ ಬಟ್ಟೆ ನಿನ್ನ ಕೈಲಿ ಇದೆಯಲ್ಲೇ.”

ಆ ಮಾತು ಗಂಜಿಯಕ್ಕನ ಜೊತೆಗೇ ಲಾಂಡ್ರಿಗೆ ನಡೆದು ಬಂತು.

ಲಾಂಡ್ರಿಯಲ್ಲಿ ಹರಿದದ್ದು ಹೊಲಿದು, ಬಿದ್ದ ಗುಂಡಿ ಹಾಕುವ ಮೂಲೆಗೆ ಗುಂಡಿಯಮ್ಮ ಅಂತ ಒಬ್ಬಳಿದ್ದಳು. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ನಗು. ಗಂಜಿಯಕ್ಕ ಅವಳ ಪಕ್ಕ ಕೂತು, ತಾನು ಬದುಕಿಡೀ ನಂಬದಿದ್ದ ಕಥೆಯನ್ನು ತಾನೇ ಹೇಳಿದಳು. ಹೇಳುತ್ತ ಹೇಳುತ್ತ ಅದರ ಒಂದು ಮಾತೂ ಬಿಟ್ಟುಹೋಗದೆ ತನ್ನ ಬಾಯಿಂದ ಬರುತ್ತಿದೆಯಲ್ಲ ಅಂತ ಅವಳಿಗೇ ಆಶ್ಚರ್ಯವಾಯಿತು. ಗುಂಡಿಯಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು.

“ಅಕ್ಕಾ, ಇದನ್ನ ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡು ಕೂತಿದ್ಯಲ್ಲ! ಸೂಜಿ ತಗೋ.”

ಮಾತು ಸಾಲಿನಿಂದ ಸಾಲಿಗೆ ಹರಿಯಿತು. ಒಗೆಯುವವರು, ಇಸ್ತ್ರಿಯವರು, ಮಡಿಸುವವರು, ಎಲ್ಲರೂ ಒಂದೊಂದು ಸೂಜಿ ಹಿಡಿದರು. ಆ ವಾರದ ಗಂಟು ಹೋಗುವ ಹೊತ್ತಿಗೆ ಒಂದು ಬಲಜೇಬೂ ಬಾಯಿ ತೆರೆದಿರಲಿಲ್ಲ. ಮೆರವಣಿಗೆಗೆ ಇನ್ನೂ ಸಮಯವಿತ್ತು, ಆದರೆ ಸಿಪಾಯಿಗಳು ಮೊದಲೇ ಯೋಚನೆಗೆ ಬೀಳಲಿ ಅಂತ ಇವರ ಲೆಕ್ಕಾಚಾರ. ಅಮ್ಮ ಹೇಳಿದಂತೆ ಬಲಜೇಬು, ಅಮ್ಮ ಹೇಳಿದಂತೆ ಬಿಳಿ ದಾರ, ಅಮ್ಮ ಹೇಳಿದಂತೆ ಗಂಟಿಲ್ಲದ ಹೊಲಿಗೆ. ಒಂದು ಚೂರೂ ಆಚೀಚೆ ಆಗದ ಹಾಗೆ ಮಾಡಿದರು. ಎಡವಿದ್ದು ಅಲ್ಲೇ ನೋಡಿ!

ಎರಡು ದಿನ ಬಿಟ್ಟು ಬ್ಯಾರಕ್ಕಿನ ಉಗ್ರಾಣದ ಹವಾಲ್ದಾರ ಒಂದು ಅಂಗಿ ಹಿಡಿದುಕೊಂಡು ಬಂದ. ಹೆಂಗಸರು ಸೂಜಿಗಳನ್ನು ಸೆರಗಿನಡಿ ಬಚ್ಚಿಟ್ಟರು. ಅವನು ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

“ಏನ್ರಮ್ಮಾ ಇದು? ಬೀಡಿ, ಬೆಂಕಿಪೊಟ್ಟಣ ಇಡೋ ಜೇಬನ್ನೇ ಹೊಲಿದು ಕಳ್ಸಿದೀರ! ನಮ್ಮ ಹುಡುಗರೆಲ್ಲ ಬೆಳಿಗ್ಗೆಯಿಂದ ಬೀಡಿ ಸಿಗದೆ ನಿಮಗೆ ಶಾಪ ಹಾಕ್ತಿದಾರೆ. ಕಣ್ಣು ಕಾಣಲ್ವಾ, ಇಲ್ಲಾ ನಿದ್ದೇಲಿ ಹೊಲಿದ್ರಾ?”

ಅವನು ಹೋದಮೇಲೆ ಲಾಂಡ್ರಿಯ ವ್ಯಾನ್ ಓಡಿಸುವವನನ್ನು ಹಿಡಿದು ಕೇಳಿದರು. ಅವನು ಮೊದಲು ಸೈನ್ಯದಲ್ಲಿದ್ದವನು. ಎಲ್ಲರೂ ಅವನನ್ನು ಮಾಜಿ ಅಂತ ಕರೆಯುತ್ತಿದ್ದರು.

“ಗುಂಡು ಜೇಬಲ್ಲಿ ಇಡೋ ಕಾಲ ಎಲ್ಲಿದೆ ಅಕ್ಕ?” ಅಂದ ಮಾಜಿ. “ಈಗ ಗುಂಡೆಲ್ಲ ಒಂದು ತಗಡಿನ ಪೆಟ್ಟಿಗೇಲಿ ಜೋಡಿಸಿರ್ತಾರೆ. ಅದು ಸೊಂಟದ ಪಟ್ಟಿಗೆ ಸಿಕ್ಕಿಸಿರೋ ಚೀಲದಲ್ಲಿರತ್ತೆ. ಪಟ್ಟಿ, ಚೀಲ ಎಲ್ಲ ಒಗೆಯೋಕೆ ಬರಲ್ಲ. ಜೇಬಲ್ಲಿ ಬೀಡಿ, ಬಾಚಣಿಗೆ, ಯಾವಳದೋ ಒಂದು ಫೋಟೋ. ಅಷ್ಟೇ.”

ಗಂಜಿಯಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಡೀ ಬ್ಯಾರಕ್ಕು ನಗುತ್ತಿತ್ತು. ಅವಳ ಮಗಳು ಎದೆಯೊಡ್ಡಿ ನಿಲ್ಲಬೇಕಾದ ಬಂದೂಕುಗಳು ಹಾಗೇ ಇದ್ದವು, ಇವಳು ಕಷ್ಟಪಟ್ಟು ನಿಲ್ಲಿಸಿದ್ದು ಬೀಡಿಯನ್ನು. ಮ್ಯಾನೇಜರ್ ಬಂದು, ಇನ್ನೊಂದು ಸಲ ಹೀಗಾದರೆ ಗುತ್ತಿಗೆಯೂ ಇಲ್ಲ, ನಿಮ್ಮ ಕೆಲಸವೂ ಇಲ್ಲ ಅಂತ ಕೂಗಾಡಿ ಹೋದರು.

ಸಂಜೆ ಮನೆಗೆ ಬಂದವಳೇ ಚೀಲ ಬಿಸಾಡಿದಳು.

“ನಿಮ್ಮಲ್ಲಿ ನಡೆದಿದ್ದು ನಮ್ಮಲ್ಲಿ ನಡೆಯಲ್ಲ ಅಮ್ಮ! ನಿನ್ನ ಜೇಬೂ ಬೇಡ, ನಿನ್ನ ಕ್ರಾಂತಿಯೂ ಬೇಡ. ನಮ್ಮನ್ನ ನೋಡಿ ನಾಯಿನರಿ ಎಲ್ಲ ನಗೋ ಹಾಗಾಯ್ತು.”

ನಡೆದದ್ದನ್ನೆಲ್ಲ ಹೇಳಿದಳು. ಮುದುಕಿಗೆ ಮೊದಲು ಮೂಗಿನ ತುದಿಯಲ್ಲಿ ಸಿಟ್ಟು. “ಇಲ್ಲಿಯೋರಿಗೆ ಗುಂಡು ಎಲ್ಲಿಡಬೇಕು ಅಂತಾನೂ ಗೊತ್ತಿಲ್ವಾ? ನಮ್ಮಲ್ಲಿ...” ಅಂತ ಶುರು ಮಾಡಿ, ಮಗಳ ಮುಖ ನೋಡಿ ತಡೆದಳು. ಆಮೇಲೆ ಏನೋ ಕಹಿ ಔಷಧಿ ನುಂಗುವವಳ ಹಾಗೆ ಮುಖ ಮಾಡಿ ಬಾಯಿ ಬಿಟ್ಟಳು.

“ಒಂದು ಮಾತು ಹೇಳ್ತೀನಿ. ಬೀದಿಯೋರಿಗೆಲ್ಲ ಹೇಳ್ಕೊಂಡು ತಿರುಗಬೇಡ. ಆ ಹೊಲಿಗೆ ನಾವು ಹುಟ್ಟಿಸಿದ್ದಲ್ಲ.”

“ಏನಂದೆ?”

“ನಮ್ಮ ಲಾಂಡ್ರಿಗೆ ಹೊರದೇಶದೋಳು ಒಬ್ಬಳು ಬಂದು ಸೇರಿದ್ದಳು. ಬಲೆ ಹೆಣೆಯೋಳು. ಅವರದು ಸಮುದ್ರದ ಊರು. ಅಲ್ಲಿ ದಂಗೆ ಎದ್ದಾಗ, ಕೂಲಿಗಳ ಕೇರಿ ಮೇಲೆ ಗುಂಡು ಹಾರ್ಸೋಕೆ ತೋಪಿನ ಹಡಗು ಹೊರಟಿತ್ತಂತೆ. ಬೆಸ್ತರ ಹೆಂಗಸರು ಬಂದರಿನ ಬಾಯಿಗೆ ಅಡ್ಡ ತಮ್ಮ ಮೀನಿನ ಬಲೆ ಕಟ್ಟಿಬಿಟ್ರಂತೆ. ಹಡಗಿಗೆ ಬಲೆ ಯಾವ ಲೆಕ್ಕ? ಹರ್ಕೊಂಡು ಹೋಗಬಹುದಿತ್ತು. ಆದ್ರೆ ಹಡಗಿನಲ್ಲಿದ್ದ ಹುಡುಗರೆಲ್ಲ ಆ ಬಲೆಯ ಮೀನು ತಿಂದು ಬೆಳೆದೋರು. ಇಂಜಿನ್ ನಿಲ್ಸಿಬಿಟ್ರಂತೆ.” ಮುದುಕಿ ಉಸಿರು ತೆಗೆದುಕೊಂಡಳು. “ಅವಳು ಈ ಕಥೆ ಹೇಳಿದಾಗ ನಮ್ಮ ಎದೆ ಹೇಗೆ ಉಬ್ಬಿತು ಅಂತೀ! ನಾವೂ ಮಾಡೋಣ ಅಂದ್ವಿ. ಮಾಡೋದೇನು? ನಮ್ಮೂರಿಗೆ ಸಮುದ್ರವೇ ಇಲ್ಲ! ಬಲೆ ತಗೊಂಡು ತಲೆಗೆ ಸುತ್ಕೊಳ್ಳೋದಾ? ನಮ್ಮ ಹತ್ರ ಇದ್ದಿದ್ದು ಜೇಬು. ಜೇಬು ಹೊಲಿದ್ವಿ.”

ಗಂಜಿಯಕ್ಕ ಬಾಯಿ ತೆರೆದುಕೊಂಡು ಕೂತಳು. “ಇಷ್ಟು ವರ್ಷ ಎಲ್ಲ ನಾವೇ, ನಾವೇ ಮೊದಲು ಅಂತ ಹೇಳ್ಕೊಂಡು ಬಂದ್ಯಲ್ಲ?”

“ಹೇಳ್ದೆ. ಹೆಮ್ಮೆ ಪಡೋಕೆ ನನಗಿನ್ನೇನಿತ್ತು ಈ ಊರಲ್ಲಿ?” ಮುದುಕಿಯ ದನಿ ಸ್ವಲ್ಪ ಒಡೆಯಿತು. ಮರುಕ್ಷಣವೇ ಬೈಯತೊಡಗಿದಳು. “ಈಗ ಕೇಳು, ಪೆದ್ದಿ! ನಾನು ಜೇಬು ಅಂದ್ರೆ ನೀನೂ ಜೇಬೇ ಹಿಡ್ಕೊಂಡು ಕೂತ್ಯಲ್ಲ. ಆ ಹುಡುಗರ ಕೈ ಒಂದು ಕ್ಷಣ ನಿಲ್ಲಬೇಕು, ನಾನೇನು ಮಾಡ್ತಿದೀನಿ ಅಂತ ಅವನೇ ನೋಡ್ಕೋಬೇಕು. ಅಷ್ಟೇ. ಆ ಕೈ ನಿಮ್ಮ ಊರಲ್ಲಿ ಎಲ್ಲಿ ನಿಲ್ಲತ್ತೋ ನಂಗೇನು ಗೊತ್ತು? ನಂಗೆ ನಿಮ್ಮ ಅಂಗಿ ಗೊತ್ತಾ? ಅದನ್ನ ತಿಕ್ಕೋಳು ನೀನು!”

ಗಂಜಿಯಕ್ಕನಿಗೆ ಥಟ್ಟನೆ ಅಂಗಿಯ ತೋಳು ಕಣ್ಣ ಮುಂದೆ ಬಂತು. ಮದ್ದಿನ ಕಪ್ಪು ಕೂತ ಬಲತೋಳಿನ ತುದಿ. ತಿಕ್ಕಿ ತಿಕ್ಕಿ ತನ್ನ ಬೆರಳ ಸಂದಿಯ ಚರ್ಮ ಎದ್ದಿದ್ದು ಅದರಿಂದಲೇ. ಅವಳು ಎದ್ದು ಅಮ್ಮನ ಎರಡು ಕೆನ್ನೆಯನ್ನೂ ಹಿಡಿದು ಗಟ್ಟಿಯಾಗಿ ಮುತ್ತಿಟ್ಟಳು. ದೊಡ್ಡವಳಾದಾಗಿನಿಂದ ಹಾಗೆ ಮಾಡಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ಗಂಜಿ ಮನೆಯ ಬಾಗಿಲು ಹಾಕಿಕೊಂಡು ಹೆಂಗಸರು ಸಭೆ ಸೇರಿದರು. ಮೆರವಣಿಗೆಗೆ ಮೊದಲು ಹೋಗುವ ಕೊನೆಯ ಗಂಟು ಇಸ್ತ್ರಿಗೆ ಸಿದ್ಧವಾಗಿತ್ತು.

“ನನ್ನ ಕೇಳಿದ್ರೆ ಪ್ಯಾಂಟಿನ ಮುಂದಿನ ಗುಂಡಿ ಸಾಲನ್ನೇ ಹೊಲಿದುಬಿಡೋಣ,” ಅಂದಳು ಗುಂಡಿಯಮ್ಮ. “ಬೆಳಿಗ್ಗೆ ಎದ್ದ ತಕ್ಷಣ ಇಡೀ ಸೈನ್ಯ ಕುಣಿದಾಡತ್ತೆ!”

ನಕ್ಕು ನಕ್ಕು ಎಲ್ಲರ ಕಣ್ಣಲ್ಲೂ ನೀರು ಬಂತು. ನಗು ತಗ್ಗಿದ ಮೇಲೆ ಗಂಜಿಯಕ್ಕ ಒಂದು ಅಂಗಿ ಎತ್ತಿ, ಬಲತೋಳಿನ ತುದಿಯನ್ನು ಎಲ್ಲರಿಗೂ ತೋರಿಸಿದಳು.

“ಇಲ್ಲಿ. ತೋಳಿನ ಬಾಯಿ ಮುಚ್ಚಿ ಹೊಲಿಯೋದು. ಬೆಳಿಗ್ಗೆ ಅಂಗಿ ಹಾಕ್ಕೋವಾಗ ಕೈ ಒಳಗೆ ಹೋಗತ್ತೆ, ಹೊರಗೆ ಬರಲ್ಲ. ಹೊರಗೆ ಬರಬೇಕಾದ್ರೆ ಅವನೇ ಕಿತ್ಕೋಬೇಕು. ಇನ್ನೊಂದು. ಈ ಕಪ್ಪು ಇದೆಯಲ್ಲ, ಇದನ್ನ ಇನ್ನು ತಿಕ್ಕಬೇಡಿ. ಎಷ್ಟು ಉಳಿದಿದೆಯೋ ಅಷ್ಟು ಇರಲಿ. ಅದರ ಮೇಲೇ ದಾರ ಹಾಯಲಿ.”

ಕಲೆ ಉಳಿದ ಬಟ್ಟೆಯನ್ನು ಹೊರಗೆ ಕಳಿಸುವುದು ಅಂದರೆ ಆ ಹೆಂಗಸರಿಗೆ ಮೂಗು ಕೊಯ್ದುಕೊಂಡ ಹಾಗೆ. ಗಂಜಿಯಕ್ಕನಂತೂ ಒಂದು ಕಾಫಿ ಕಲೆ ಉಳಿದಿದ್ದಕ್ಕೆ ಹೊಸಬರನ್ನು ಅಳುವ ಹಾಗೆ ಬೈದವಳು. ಅವಳ ಬಾಯಿಂದಲೇ ಈ ಮಾತು ಬಂತಲ್ಲ ಅಂತ ಎಲ್ಲರೂ ಅವಳನ್ನೇ ನೋಡಿದರು. ಆಮೇಲೆ ಒಬ್ಬೊಬ್ಬರೇ ಸೂಜಿಗೆ ದಾರ ಪೋಣಿಸಿದರು.

ಲಾಂಡ್ರಿಯಲ್ಲಿ ಅಂಗಿ ಮಡಿಸುವಾಗ ತೋಳುಗಳನ್ನು ಬೆನ್ನ ಹಿಂದಕ್ಕೆ ಮಡಿಚಿ ಒಳಗೆ ಸೇರಿಸುತ್ತಾರೆ, ಮೇಲಿನಿಂದ ಕಾಣುವುದು ಎದೆ ಮತ್ತು ಕಾಲರು ಅಷ್ಟೇ. ಮ್ಯಾನೇಜರ್ ಬಂದು ಜೇಬುಗಳನ್ನು ಒಂದೊಂದಾಗಿ ಬೆರಳು ಹಾಕಿ ಪರೀಕ್ಷೆ ಮಾಡಿದರು. ಜೇಬೆಲ್ಲ ತೆರೆದಿದ್ದವು. “ಹಾಂ, ಈಗ ಸರಿ,” ಅಂತ ತಲೆಯಾಡಿಸಿ ಹೋದರು. ಮಾಜಿ ಗಂಟುಗಳನ್ನು ವ್ಯಾನಿಗೆ ಹೇರುತ್ತ ಗಂಜಿಯಕ್ಕನ ಮುಖ ನೋಡಿದ, ಎಂದಿಗಿಂತ ಮೆತ್ತಗೆ ಬಾಗಿಲು ಹಾಕಿದ.

ಮೆರವಣಿಗೆಯ ಬೆಳಿಗ್ಗೆ ಮಗಳು ಖಾಕಿ ಸಮವಸ್ತ್ರ ಹಾಕಿಕೊಂಡು ಹೊರಟಾಗ ಗಂಜಿಯಕ್ಕ ಹೋಗಬೇಡ ಅನ್ನಲಿಲ್ಲ. ಕಾಲರು ಸರಿ ಮಾಡಿ ಬೆನ್ನು ತಟ್ಟಿದಳು. ಮಗಳು ಓಣಿ ತಿರುಗುವವರೆಗೆ ಬಾಗಿಲಲ್ಲೇ ನಿಂತಿದ್ದಳು. ಹೊಲಿಗೆಯ ವಿಷಯ ಮಗಳಿಗೆ ಹೇಳಿರಲಿಲ್ಲ. ಮತ್ತೆ ಬೀಡಿಯ ಕಥೆಯಾದರೆ? ಸುಳ್ಳು ಧೈರ್ಯ ಕೊಟ್ಟು ಕಳಿಸಿದ ಹಾಗಾಗುತ್ತದೆ.

ಮುದುಕಿ ನಾನೂ ಬರುತ್ತೇನೆ ಅಂತ ಹಟ ಹಿಡಿದಳು. ಮಾಜಿ ಅವಳನ್ನು ಕುರ್ಚಿ ಸಮೇತ ವ್ಯಾನಿನಲ್ಲಿ ಕೂರಿಸಿ, ಚೌಕದ ಮೂಲೆಯಲ್ಲಿ ಹಿಂಬಾಗಿಲು ತೆರೆದು ನಿಲ್ಲಿಸಿದ. ಗಂಜಿಯಕ್ಕ ಲಾಂಡ್ರಿಯ ಏಪ್ರನ್‌ನಲ್ಲೇ ಜನರ ನಡುವೆ ನುಗ್ಗಿ ಮುಂದೆ ಹೋದಳು.

ಬಂಗಲೆಯ ಗೇಟಿನ ಮುಂದೆ ಸೈನ್ಯ ಸಾಲುಗಟ್ಟಿ ನಿಂತಿತ್ತು. ದೂರದಿಂದ ಮೆರವಣಿಗೆ ಬರುವ ಸದ್ದು, ಎಲ್ಲಕ್ಕಿಂತ ಮೇಲೆ ಮಗಳ ಗಂಟಲು. ಗಂಜಿಯಕ್ಕ ಮೊದಲು ಆ ಕಡೆ ನೋಡಲಿಲ್ಲ. ಸಾಲಿನ ಈ ತುದಿಯಲ್ಲಿದ್ದ ಸಿಪಾಯಿಯ ಬಲತೋಳು ನೋಡಿದಳು. ಕೈ ಹೊರಗಿತ್ತು. ತೋಳಿನ ತುದಿಯಲ್ಲಿ ಕಿತ್ತ ದಾರ ನೇತಾಡುತ್ತಿತ್ತು. ಪಕ್ಕದವನು? ಅವನ ಕೈಯೂ ಹೊರಗೆ. ದೇವರೇ, ನನ್ನ ಮಗಳೇ ಅಂತ ಅಂದುಕೊಳ್ಳುತ್ತ ಮೂರನೆಯವನನ್ನು ನೋಡಿದಳು.

ಮೂರನೆಯವನಿಗೆ ಕೈ ಇರಲಿಲ್ಲ. ಅಂಗಿಯ ತೋಳು ತುದಿಯವರೆಗೂ ಇಳಿದು, ಅಲ್ಲಿ ಹೊಲಿದ ಹಾಗೇ ಮುಚ್ಚಿತ್ತು. ನಾಲ್ಕನೆಯವನದೂ ಹಾಗೇ. ಅವನ ಆಚೆಯವನದೂ. ಅವಳು ಕತ್ತು ಚಾಚಿ ಸಾಲಿನ ಉದ್ದಕ್ಕೂ ನೋಡಿದಳು. ಅಲ್ಲೊಂದು ಇಲ್ಲೊಂದು ಕೈ ಬಿಟ್ಟರೆ ಉಳಿದದ್ದೆಲ್ಲ ಮುಚ್ಚಿದ ತೋಳುಗಳೇ! ಬಂದೂಕುಗಳು ಎಡಹೆಗಲಲ್ಲಿ ಸುಮ್ಮನೆ ನೇತಾಡುತ್ತಿದ್ದವು.

ಮೆರವಣಿಗೆ ಚೌಕಕ್ಕೆ ಕಾಲಿಟ್ಟಿತು. ಅಧಿಕಾರಿ ‘ಬಂದೂಕು ಎತ್ತಿ’ ಅಂದ. ಯಾರೂ ಎತ್ತಲಿಲ್ಲ. ಅವನು ಈಗ ತೋಳುಗಳನ್ನು ನೋಡಿದ, ನೋಡಿ ಕೆಂಡವಾದ.

“ಏನಿದು ನಾಟಕ? ಕೈ ಹೊರಗೆ ತೆಗೀರಿ! ಇದು ಆಜ್ಞೆ!”

ಒಂದು ದಾರವೂ ಹರಿಯಲಿಲ್ಲ. ಆಗ ಗಂಜಿಯಕ್ಕ ನೋಡುತ್ತಿದ್ದ ಹಾಗೆಯೇ, ತುದಿಯಲ್ಲಿದ್ದನಲ್ಲ, ದಾರ ಕಿತ್ತವನು, ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮೆಲ್ಲಗೆ ತನ್ನ ಕೈಯನ್ನು ತೋಳಿನೊಳಕ್ಕೆ ಎಳೆದುಕೊಂಡ. ಅವನ ಪಕ್ಕದವನೂ ಎಳೆದುಕೊಂಡ. ಕೈಗಳು ಒಂದೊಂದಾಗಿ ಒಳಗೆ ಹೋದವು. ಕೊನೆಗೆ ಆ ಇಡೀ ಸಾಲಿನಲ್ಲಿ ಕೈ ಹೊರಗಿದ್ದವನು ಅಧಿಕಾರಿ ಒಬ್ಬನೇ. ಅವನ ಅಂಗಿ ಮನೆಯಲ್ಲಿ ಒಗೆದದ್ದು. ಅವನು ಸ್ವಲ್ಪ ಹೊತ್ತು ಆ ಕೈ ಹಿಡಿದುಕೊಂಡು ಏನು ಮಾಡುವುದು ತಿಳಿಯದೆ ನಿಂತ. ಆಮೇಲೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಸಾಲು ಬಿಟ್ಟು ಪಕ್ಕಕ್ಕೆ ಸರಿದ.

ಮಗಳು ಬಂದಳು. ಘೋಷಣೆ ಅವಳ ಬಾಯಲ್ಲೇ ನಿಂತಿತ್ತು. ತೋಳುಗಳನ್ನು ಅವಳೂ ನೋಡಿದ್ದಳು. ಅಜ್ಜಿಯ ಮೊಮ್ಮಗಳಲ್ಲವೇ, ಅರ್ಥವಾಗಲು ಎಷ್ಟು ಹೊತ್ತು? ಅವಳು ಇಬ್ಬರು ಸಿಪಾಯಿಗಳ ನಡುವಿನಿಂದ, ಅವರ ಭುಜಕ್ಕೆ ಭುಜ ತಾಗಿಸಿಕೊಂಡು, ತಲೆಯೆತ್ತಿ ಆಚೆ ದಾಟಿದಳು. ಅವಳ ಹಿಂದೆ ಬಸ್ಸಿನವರು, ಅಂಚೆಯವರು, ಗಿರಣಿಯವರು, ಇಡೀ ಊರು. ವ್ಯಾನಿನ ಕಡೆಯಿಂದ ಮುದುಕಿಯ ದನಿ ಎಲ್ಲ ಗದ್ದಲವನ್ನೂ ಸೀಳಿಕೊಂಡು ಬಂತು. ಕುರ್ಚಿಯಿಂದ ಎದ್ದು ನಿಂತು, ಸಿಕ್ಕಸಿಕ್ಕವರ ತೋಳು ಹಿಡಿದು ಎಳೆದು ಹೇಳುತ್ತಿದ್ದಳು. “ನನ್ನ ಮಗಳು ಮಾಡಿದ್ದು! ಅಲ್ಲಿ, ಆ ಏಪ್ರನ್‌ನೋಳು! ತೋಳು ಹೊಲಿಯೋದು ನಮಗ್ಯಾರಿಗೂ ಹೊಳೆದಿರಲಿಲ್ಲ, ಅವಳಿಗೆ ಹೊಳೀತು!”

ಗಂಜಿಯಕ್ಕನಿಗೆ ನಗುವೂ ಬಂತು, ಅಳುವೂ ಬಂತು, ಕತ್ತು ಮಾತ್ರ ಇನ್ನಷ್ಟು ನೆಟ್ಟಗಾಯಿತು. ಹೆಮ್ಮೆ ಅಂದರೆ ಏನು ಅಂತ ಅಮ್ಮನ ಬಾಯಿಂದ ಎಷ್ಟೋ ಸಲ ಕೇಳಿದ್ದಳು. ಸ್ವಂತದ್ದು ಅವಳಿಗೆ ಸಿಕ್ಕಿದ್ದು ಇದೇ ಮೊದಲು.

ಅವಳ ಎದುರಿಗಿದ್ದ ಸಿಪಾಯಿ ಬೆವರಿ ತೊಪ್ಪೆಯಾಗಿದ್ದ. ಎಡಗೈಯಲ್ಲಿ ಬಂದೂಕಿನ ಪಟ್ಟಿ, ಬಲಗೈ ತೋಳಿನೊಳಗೆ. ಬೆವರೂ ಕಣ್ಣೀರೂ ಕೂಡಿ ಗಲ್ಲದಿಂದ ತೊಟ್ಟಿಕ್ಕುತ್ತಿದ್ದವು, ಒರೆಸಿಕೊಳ್ಳಲು ಕೈ ಇರಲಿಲ್ಲ. ಅವನ ತೋಳಿನ ತುದಿಯಲ್ಲಿ, ದಾರದ ಕೆಳಗೆ, ಮದ್ದಿನ ಕಪ್ಪು ಇತ್ತು. ಹಾಗಾದರೆ ಗಡಿಯಾರ ಬೀದಿಯಲ್ಲಿ ಇವನೂ ಇದ್ದ. ಗಂಜಿಯಕ್ಕ ಒಂದು ಕ್ಷಣ ಹಾಲಿನವನನ್ನು ನೆನೆಸಿಕೊಂಡು ಹಾಗೇ ನಿಂತಳು. ಆಮೇಲೆ ಏಪ್ರನ್ ತುದಿಯಿಂದ ಅವನ ಮುಖ ಒರೆಸಿದಳು. ಒರೆಸುವಾಗ ಹೊಲಿಗೆ ನೋಡಿದಳು. ದೂರ ದೂರ, ಸ್ವಲ್ಪ ಓರೆ. ತನ್ನದೇ ಕೈ.

ಅವನು ಏಪ್ರನ್ ನೋಡಿ ಕೇಳಿದ. “ಇದು ನೀವು ಹೊಲಿದಿದ್ದಾ?”

“ಹೂಂ ಕಣಪ್ಪ. ನಾನೇ.” ಅವಳು ಏಪ್ರನ್ ಜೇಬಿನಿಂದ ಕತ್ತರಿ ತೆಗೆದಳು. “ನನ್ನ ಮಗಳು ದಾಟಿ ಆಯ್ತು. ತಾ ಇಲ್ಲಿ, ಕತ್ತರಿಸಿಬಿಡ್ತೀನಿ. ಕೈ ಹೊರಗೆ ತಗೋ.”

ಅವನು ತೋಳನ್ನು ಎದೆಗೆ ಒತ್ತಿಕೊಂಡ.

“ಬೇಡಮ್ಮ,” ಅಂದ. “ಇನ್ನೂ ಜನ ಬರ್ತಿದಾರೆ. ಎಲ್ಲರೂ ದಾಟಲಿ.”